ನಡುವಿನ ರೇಡಿಯೊ ಯಾವಾಗ ಸುಮ್ಮನಿರಬೇಕು?

ಪ್ರಶ್ನೆ: ಸಿಗ್ನಲ್ ಸರಿಯಾಗಿ ತಲುಪದ ಕಡೆ ನಡುವೆ ಇನ್ನೊಂದು ರೇಡಿಯೊ ಇಟ್ಟು, ಕೇಳಿಸಿದ್ದನ್ನೆಲ್ಲ ಮುಂದಕ್ಕೆ ದಾಟಿಸಿದರೆ ಸಾಲದೇ? ಈ ‘ಅಡಾಪ್ಟಿವ್ ರಿಲೇ’ ಎಂಬುದು ಯಾಕೆ ಬೇಕು?

ಉತ್ತರ: ದಾಟಿಸುವುದು ಪುಕ್ಕಟೆ ಕೆಲಸವಲ್ಲ. ರಿಲೇ, ಅಂದರೆ ನಡುವಿನ ಆ ರೇಡಿಯೊ, ತಾನು ಮಾತಾಡುವಾಗ, ಅದೇ ತರಂಗಾಂತರದಲ್ಲಿ ದೂರದಿಂದ ಬರುವ ಕ್ಷೀಣ ಸಿಗ್ನಲ್ ಅದರದೇ ಅಬ್ಬರದಲ್ಲಿ ಮುಳುಗಿಹೋಗುತ್ತದೆ. ಆದ್ದರಿಂದ ಸಾಮಾನ್ಯವಾಗಿ ಒಂದು ಸರದಿಯಲ್ಲಿ ಕೇಳಿ, ಮುಂದಿನದರಲ್ಲಿ ಹೇಳುತ್ತದೆ. ಒಂದೇ ಸಂದೇಶಕ್ಕೆ ಎರಡು ಸರದಿ! ನೇರ ದಾರಿ ಚೆನ್ನಾಗಿದ್ದರೆ ಇದು ಬರೀ ದಂಡ.

ಕೇಳಿದ್ದನ್ನು ಹಾಗೇ ಹಿಗ್ಗಿಸಿ ಕಳಿಸಿದರೆ ಜೊತೆಗಿದ್ದ ಗದ್ದಲವೂ ಹಿಗ್ಗುತ್ತದೆ. ಬಿಡಿಸಿ ಓದಿ ಹೊಸದಾಗಿ ಕಳಿಸಿದರೆ ಗದ್ದಲ ಹೋಗುತ್ತದೆ ನಿಜ, ಆದರೆ ತಪ್ಪಾಗಿ ಓದಿದ್ದರೆ ತಪ್ಪೇ ಮುಂದಕ್ಕೆ ಹೋಗುತ್ತದೆ. 2004ರಲ್ಲಿ ಲೇನ್‌ಮನ್, ತ್ಸೆ, ವೊರ್ನೆಲ್ ಎಂಬ ಮೂವರು ಈ ಲೆಕ್ಕವನ್ನು ಬಿಡಿಸಿ ತೋರಿಸಿದರು: ಕಣ್ಣುಮುಚ್ಚಿ ಪ್ರತಿಸಲವೂ ಓದಿ ದಾಟಿಸುವ ರಿಲೇಯಿಂದ, ನೇರ ದಾರಿ ಮತ್ತು ರಿಲೇ ದಾರಿ ಎಂಬ ಎರಡು ದಾರಿಗಳಿರುವುದರ ಪೂರ್ಣ ಲಾಭ ಸಿಗುವುದಿಲ್ಲ. ಸರಿಯಾಗಿ ಕೇಳಿಸಿದಾಗ ಮಾತ್ರ ದಾಟಿಸಿದರೆ ಸಿಗುತ್ತದೆ. ಇನ್ನೂ ಜಾಣ ಉಪಾಯವೆಂದರೆ, ಸಂದೇಶ ನೇರವಾಗಿ ಸಿಕ್ಕಿತೋ ಇಲ್ಲವೋ ಎಂದು ಪಡೆಯುವವನೇ ಒಂದು ಬಿಟ್‌ನಲ್ಲಿ ತಿಳಿಸುವುದು. ‘ಇಲ್ಲ’ ಎಂದಾಗಷ್ಟೇ ರಿಲೇ ಬಾಯಿ ತೆರೆದರೆ ಸಾಕು. ಹೀಗೆ ಸಂದರ್ಭ ನೋಡಿ ನಡೆಯುವುದೇ ಅಡಾಪ್ಟಿವ್ ರಿಲೇ.

ಕಾಗ್ನಿಟಿವ್ ರೇಡಿಯೊ ಜಾಲಕ್ಕೆ ಬಂದರೆ ಇನ್ನೊಂದು ಕಟ್ಟುಪಾಡು ಸೇರುತ್ತದೆ. ಅಲ್ಲಿ ತರಂಗಾಂತರ ನಮ್ಮದಲ್ಲ. ಪರವಾನಗಿ ಇದ್ದವರ, ಉದಾಹರಣೆಗೆ ಟಿವಿ ಪ್ರಸಾರದವರ ಜಾಗವನ್ನು ಅವರಿಗೆ ತೊಂದರೆಯಾಗದಂತೆ ಬಳಸಬೇಕು. ಈ ಬಗೆಯ ರೇಡಿಯೊದ ಕಲ್ಪನೆಯನ್ನು ಜೋಸೆಫ್ ಮಿಟೊಲಾ 1999ರಲ್ಲಿ ಮುಂದಿಟ್ಟರು. ಇಲ್ಲಿ ರಿಲೇ ನಿಜಕ್ಕೂ ಹೊಂದುತ್ತದೆ. ಕಟ್ಟಡ, ಮರಗಳಿರುವ ಕಡೆ ಸಿಗ್ನಲ್ ಸುಮಾರಾಗಿ ದೂರದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಕುಗ್ಗುತ್ತದೆ ಎಂದಿಟ್ಟುಕೊಳ್ಳಿ. ದೂರ ಅರ್ಧವಾದರೆ ಹದಿನಾರನೇ ಒಂದು ಪಾಲು ಶಕ್ತಿ ಸಾಕು. ಮೆಲ್ಲಗೆ ಮಾತಾಡಿದರೆ ಪಕ್ಕದವರಿಗೆ ಕಿರಿಕಿರಿಯೂ ಕಡಿಮೆ.

ಆದರೆ ರಿಲೇಯೇ ಆ ಟಿವಿ ಪ್ರಸಾರ ನೋಡುವ ಮನೆಯೊಂದರ ಪಕ್ಕದಲ್ಲಿದ್ದರೆ? ಅದು ದನಿ ತಗ್ಗಿಸಬೇಕು, ತಗ್ಗಿಸಿದರೆ ಗುರಿ ತಲುಪದು. ಆಗ ಜಾಲ ಇನ್ನೊಂದು ರಿಲೇಯನ್ನು ಆರಿಸುತ್ತದೆ, ಇಲ್ಲವೇ ನೇರ ದಾರಿಗೇ ಮರಳುತ್ತದೆ. ಎಲ್ಲಕ್ಕಿಂತ ಬಲವಾದ ರಿಲೇಗಿಂತ, ಮಿತಿಯೊಳಗಿದ್ದು ಹೆಚ್ಚು ತಲುಪಿಸುವ ರಿಲೇಗೇ ಇಲ್ಲಿ ಬೆಲೆ.

ನನ್ನ ಲೆಕ್ಕದಲ್ಲಿ ನಿಜವಾದ ತಲೆನೋವು ಬೇರೆ. ಟಿವಿ ಬರೀ ಕೇಳುತ್ತದೆ, ತಾನು ಎಲ್ಲಿದ್ದೇನೆಂದು ಹೇಳುವುದೇ ಇಲ್ಲ. ಅದಕ್ಕೋ ಏನೋ, ಅಮೆರಿಕದ ನಿಯಂತ್ರಕರು 2010ರಲ್ಲಿ, ರೇಡಿಯೊ ತಾನೇ ಆಲಿಸಿ ಊಹಿಸಬೇಕೆಂಬ ಷರತ್ತನ್ನು ಸಡಿಲಿಸಿ, ಯಾವ ಊರಲ್ಲಿ ಯಾವ ಚಾನೆಲ್ ಖಾಲಿ ಎಂಬ ದತ್ತಾಂಶ ಕೋಶವನ್ನೇ ನೆಚ್ಚಿಕೊಂಡರು.