ತಂಪು ಪಾನೀಯದ ತೆರಿಗೆ: ಕೊಳ್ಳುವವರು ತಿಳಿದಿರಬೇಕಾದದ್ದು

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಉದ್ದನಪಲ್ಲಿಯ ಅಂಗಡಿಯಲ್ಲಿ 20 ರೂಪಾಯಿ ಎಂಆರ್‌ಪಿಯ ಕೋಲಾಕ್ಕೆ 22 ಕೇಳಿ, ‘ಟ್ಯಾಕ್ಸ್ ಏರಿದೆ, ಕೂಲಿಂಗ್ ಚಾರ್ಜ್ ಬೇರೆ’ ಎಂದರೆ ಒಪ್ಪಬೇಕಾಗಿಲ್ಲ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅಂಗಡಿಯವರು ಅದನ್ನು ಮೀರಿ ಮಾರುವಂತಿಲ್ಲ. ತೆರಿಗೆ ಏರಿದೆ ಎನ್ನುವುದೂ ಸರಿಯಲ್ಲ. 2017ರಿಂದ ಕೋಲಾದ ಮೇಲೆ ಶೇ 28 ಜಿಎಸ್‌ಟಿ, ಶೇ 12 ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ ಜಿಎಸ್‌ಟಿಯೇ ಶೇ 40 ಆಯಿತು. ಒಟ್ಟು ಹೊರೆ ಅಷ್ಟೇ.

ತೆರಿಗೆ ಸಕ್ಕರೆಯನ್ನು ಅಳೆಯುವುದಿಲ್ಲ

ಬ್ರಿಟನ್‌ನಲ್ಲಿ 2018ರಿಂದ ಸಕ್ಕರೆ ಹೆಚ್ಚಿದಷ್ಟೂ ಸುಂಕ ಹೆಚ್ಚು. ನಮ್ಮಲ್ಲಿ ಹಾಗಿಲ್ಲ. ಸಕ್ಕರೆ ಇಲ್ಲದ ಡಯಟ್ ಕೋಲಾಕ್ಕೂ ಶೇ 40. ಗ್ಯಾಸ್ ತುಂಬದ, ಸಕ್ಕರೆ ಬೆರೆಸಿದ ಮಾವಿನ ಪಾನೀಯಕ್ಕೆ ಶೇ 5 ಮಾತ್ರ. ತೋತಾಪುರಿ ಮಾವಿನ ತಿರುಳಿಗೆ ಹೆಸರಾದ ಕೃಷ್ಣಗಿರಿ ಜಿಲ್ಲೆಯವರು ಇದನ್ನು ಗಮನಿಸಬೇಕು: ತೆರಿಗೆ ಕಡಿಮೆ ಎಂದ ಮಾತ್ರಕ್ಕೆ ಅದು ಮಕ್ಕಳಿಗೆ ಒಳ್ಳೆಯದೆಂದಲ್ಲ.

ದಿನಕ್ಕೆ 20 ರೂಪಾಯಿಯ ಒಂದು ಕೋಲಾ ಎಂದರೆ ತಿಂಗಳಿಗೆ 600. ಪೂರ್ತಿ ತೆರಿಗೆ ಬಿದ್ದರೆ ಅದರಲ್ಲಿ 170ರ ಆಸುಪಾಸು ಸರ್ಕಾರಕ್ಕೆ. ಕೂಲಿಯ ಮನೆ ಕುಡಿಯುವುದನ್ನು ಕಡಿಮೆ ಮಾಡದಿದ್ದರೆ ಈ ತೆರಿಗೆ ಬರೀ ಹೊರೆ. ಆ ಹಣ ಹಾಲು, ಮೊಟ್ಟೆ, ಬಿಡಿ ರಾಗಿಗೆ ತಿರುಗಿದರೆ ಲಾಭ. ಈ ಮೂರಕ್ಕೂ ಜಿಎಸ್‌ಟಿ ಇಲ್ಲ.

ಲೇಬಲ್ ಓದುವುದು ಹೀಗೆ

ಪೊಟ್ಟಣದ ಮೇಲೆ ಸೇರಿಸಿದ ಸಕ್ಕರೆಯ ಪ್ರಮಾಣ ನಮೂದಿಸುವುದು ಕಡ್ಡಾಯ. 100 ಮಿ.ಲೀ.ಗೆ 10.6 ಗ್ರಾಂ ಎಂದಿದ್ದರೆ 250 ಮಿ.ಲೀ. ಬಾಟಲಿಯಲ್ಲಿ 26 ಗ್ರಾಂಗಿಂತ ಹೆಚ್ಚು. ದಿನಕ್ಕೆ ಸುಮಾರು 25 ಗ್ರಾಂ ಮೀರದಿದ್ದರೆ ಒಳ್ಳೆಯದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿಂಡಿ–ಪಾನೀಯಗಳನ್ನು ಶಾಲೆಯೊಳಗೆ, ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2020ರ ನಿಯಮ ತಡೆಯುತ್ತದೆ. ಉಲ್ಲಂಘನೆ ಕಂಡರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.

ಹೆಚ್ಚು ಹಣ ಪಡೆದರೆ

• ಬಿಲ್ ಕೇಳಿ. ಬಾಟಲಿಯ ಎಂಆರ್‌ಪಿಯ ಫೋಟೊ ತೆಗೆದಿಡಿ. ಫೋನ್‌ಪೇ, ಗೂಗಲ್‌ಪೇ ಸಂದೇಶವೂ ಪುರಾವೆಯಾಗುತ್ತದೆ.
• ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ, ಕನ್ನಡದಲ್ಲೂ ಮಾತನಾಡಬಹುದು.
• ತಮಿಳುನಾಡಿನಲ್ಲಿ ಎಂಆರ್‌ಪಿ ಉಲ್ಲಂಘನೆಯ ತಪಾಸಣೆ ಕಾರ್ಮಿಕ ಇಲಾಖೆಯದು. ಅಲ್ಲಿಗೂ ಲಿಖಿತ ದೂರು ಕೊಡಿ.
• ಪರಿಹಾರ ಬೇಕಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಸರಕಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂದೂ ಇಲ್ಲ.