ಕೋವಿಯ ಬೀಗದ ಕೈ ಯಾರ ಬಳಿ ಇರಬೇಕು?

ಹಾರಂಗಿ, ಕೂಡಿಗೆ, ಕುಶಾಲನಗರದ ಕಡೆಯಿಂದ ಬಂದ ಮೂರು ಪತ್ರಗಳಿಗೆ ಈ ಸಲ ಉತ್ತರ. ಮೂರೂ ಸೈನಿಕರ ಬಗ್ಗೆ ಬರೆದವು. ಬರೆದವರ ಹೆಸರು ಕೈಬಿಟ್ಟಿದ್ದೇವೆ. ಉತ್ತರಿಸಿದವರು ಮನೋವೈದ್ಯರು.

ಪ್ರಶ್ನೆ: ನನ್ನ ತಮ್ಮ ಸೇನೆಯಲ್ಲಿದ್ದಾನೆ. ರಜೆಗೆ ಬಂದು ಮೂರು ವಾರವಾಯಿತು. ರಾತ್ರಿಯೆಲ್ಲ ಜಗಲಿಯಲ್ಲಿ ಕೂತಿರುತ್ತಾನೆ. ಮೊನ್ನೆ ತನ್ನ ಬೈಕನ್ನು ಚಿಕ್ಕಪ್ಪನ ಮಗನಿಗೆ ಕೊಟ್ಟುಬಿಟ್ಟ, ಪಾಸ್‌ಬುಕ್ಕನ್ನು ಅಮ್ಮನ ಕೈಗಿಟ್ಟ. ನೇರವಾಗಿ ಕೇಳಲು ಭಯ. ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾದರೆ? ಡಾಕ್ಟರ ಹತ್ತಿರ ಹೋಗೋಣ ಎಂದರೆ ‘ಕೆಟಗರಿ ಇಳಿಸ್ತಾರೆ, ಬೇಡಕ್ಕ’ ಅನ್ನುತ್ತಾನೆ.
– ಓದುಗರು, ಹಾರಂಗಿ

ಉತ್ತರ: ಇವತ್ತೇ ಕೇಳಿ, ಬಿಡಿಸಿಯೇ ಕೇಳಿ: ‘ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?’ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೇ ಇಟ್ಟುಕೊಂಡವನಿಗೆ ಹೊರಹಾಕಲು ಒಂದು ದಾರಿ ಸಿಗುತ್ತದೆ. ಪ್ರೀತಿಯ ವಸ್ತು ಹಂಚುವುದು, ಲೆಕ್ಕಪತ್ರ ಒಪ್ಪಿಸುವುದು, ನಿದ್ದೆ ಬಿಡುವುದು ಮೂರೂ ಒಟ್ಟಿಗೆ ಕಂಡಿವೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

‘ಹೌದು’ ಎಂದರೆ ಉಪದೇಶ ಬೇಡ. ‘ಮಿಲಿಟರಿಯವನಾಗಿ ಹೀಗಾ?’ ಎಂದರೆ ತೆರೆದ ಬಾಯಿ ಮತ್ತೆ ಮುಚ್ಚುತ್ತದೆ. ಸೇನೆಯ ಮುಖ್ಯಸ್ಥರಾಗಿದ್ದ ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಕೊಡಗಿನಲ್ಲಿ ‘ನನಗೆ ಸಾಕಾಗಿದೆ’ ಎಂದು ಹೇಳಿಕೊಳ್ಳುವುದು ಸೈನಿಕನಿಗೆ ಬೇರೆ ಕಡೆಗಿಂತ ಕಷ್ಟ. ಒಬ್ಬನನ್ನೇ ಬಿಡಬೇಡಿ. ಒಪಿಡಿ ಸಮಯಕ್ಕೆ ಕಾಯದೆ ಕುಶಾಲನಗರದ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೋ ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಕರೆದೊಯ್ಯಿರಿ. ವಾಹನವಿಲ್ಲದಿದ್ದರೆ 108 ಇದೆ. ಎದೆನೋವು ಬಂದರೆ ಹೇಗೆ ಓಡುತ್ತೀರೋ ಹಾಗೆಯೇ.

ಕೆಟಗರಿಯ, ಅಂದರೆ ಸೇನೆಯ ವೈದ್ಯಕೀಯ ಅರ್ಹತೆಯ ದರ್ಜೆಯ, ಭಯ ಸುಳ್ಳಲ್ಲ. ಚಿಕಿತ್ಸೆಯ ಅವಧಿಗೆ ಕೆಟಗರಿ ಇಳಿಯಬಹುದು. ಆದರೆ ತಾತ್ಕಾಲಿಕ ಕೆಟಗರಿಯನ್ನು ಮರುಪರೀಕ್ಷೆ ಮಾಡಿ ಮೇಲೇರಿಸುವ ಕ್ರಮವೂ ಸೇನೆಯಲ್ಲೇ ಇದೆ. ಹೋದ ಜೀವ ಮರಳಿ ತರುವ ಕ್ರಮ ಮಾತ್ರ ಎಲ್ಲೂ ಇಲ್ಲ. ಮೊದಲು ಫೋನಿನಲ್ಲಿ ಮಾತಾಡುತ್ತೇನೆ ಎಂದರೆ ಟೆಲಿ ಮಾನಸ್ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಗೆ ನಮ್ಮ ನಿಮ್ಹಾನ್ಸ್ ಮುಖ್ಯ ಕೇಂದ್ರ. ಸೈನಿಕರಿಗೆಂದೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ಪ್ರತ್ಯೇಕ ಘಟಕವೂ ಶುರುವಾಗಿದೆ.

ಪ್ರಶ್ನೆ: ನಮ್ಮ ಮಾವ ನಿವೃತ್ತ ಹವಾಲ್ದಾರ್. ಅತ್ತೆ ತೀರಿಕೊಂಡ ಮೇಲೆ ಕುಡಿತ ಹೆಚ್ಚಾಗಿದೆ, ‘ಇನ್ನು ಯಾಕೆ ಇರಬೇಕು’ ಎನ್ನುತ್ತಾರೆ. ಅವರ ಕೋಣೆಯಲ್ಲೇ ಕೋವಿ ಇದೆ. ಅದನ್ನು ಮುಟ್ಟಿದರೆ ಅವಮಾನವೆಂದುಕೊಳ್ಳುತ್ತಾರೆ. ಏನು ಮಾಡಲಿ?
– ಸೊಸೆ, ಕೂಡಿಗೆ

ಉತ್ತರ: ಕೋವಿಯನ್ನು ಮನೆಯಿಂದ ದೂರ ಮಾಡಿ, ಗೌರವವನ್ನು ಉಳಿಸಿಕೊಂಡೇ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜಿಸುವ ವಸ್ತು ಅದು. ಅದರ ಮರ್ಯಾದೆ ನನಗೂ ಗೊತ್ತು. ಆದರೆ ಸಾಯುವ ತೀರ್ಮಾನ ಬಹಳ ಸಲ ನಿಮಿಷಗಳಲ್ಲಿ ಆಗುತ್ತದೆ. ಆ ಗಳಿಗೆಯಲ್ಲಿ ಸಾಧನ ಕೈಗೆ ಸಿಗದಿದ್ದರೆ ಗಂಡಾಂತರ ದಾಟುತ್ತದೆ, ದಾಟಿದವರಲ್ಲಿ ಹೆಚ್ಚಿನವರು ಬದುಕುತ್ತಾರೆ. ಇಸ್ರೇಲ್ ಸೇನೆ 2006ರಲ್ಲಿ ಒಂದೇ ಒಂದು ನಿಯಮ ಬದಲಿಸಿತು: ವಾರಾಂತ್ಯಕ್ಕೆ ಮನೆಗೆ ಹೋಗುವ ಯುವ ಸೈನಿಕರು ಬಂದೂಕನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕು. ಅವರಲ್ಲಿ ಆತ್ಮಹತ್ಯೆ ಸುಮಾರು ಶೇ 40ರಷ್ಟು ಇಳಿಯಿತು.

ನಿಮ್ಮ ಯಜಮಾನರೋ ಮಾವ ಮಾತು ಕೇಳುವ ಹಳೆಯ ಸೇನಾ ಗೆಳೆಯರೋ ಹೀಗೆ ಹೇಳಲಿ: ‘ಮನಸ್ಸು ಸರಿಹೋಗುವ ತನಕ ಕೋತ್‌ನಲ್ಲಿ ಇಟ್ಟ ಹಾಗೆ ಅಂದುಕೊಳ್ಳಿ.’ ಪಾಳಿ ಮುಗಿದ ಮೇಲೆ ಬಂದೂಕನ್ನು ಕೋತ್‌ಗೆ, ಅಂದರೆ ಶಸ್ತ್ರಾಗಾರಕ್ಕೆ, ಒಪ್ಪಿಸಿಯೇ ಅಭ್ಯಾಸವಿರುವ ಸೈನಿಕನಿಗೆ ಈ ಮಾತು ಅವಮಾನವಲ್ಲ. ಠಾಣೆಯಲ್ಲಿ ವಿಚಾರಿಸಿ, ಕೆಲಕಾಲ ಅಲ್ಲೇ ಠೇವಣಿ ಇಡಿ. ಅದಾಗುವವರೆಗೆ ತೋಟಾಗಳು ಬೇರೆ ಮನೆಯಲ್ಲಿರಲಿ, ಕೋವಿ ಬೀರುವಿನಲ್ಲಿರಲಿ, ಬೀಗದ ಕೈ ನಿಮ್ಮ ಸೊಂಟದಲ್ಲಿರಲಿ. ತೋಟದ ಔಷಧಿಗಳ ಉಗ್ರಾಣಕ್ಕೂ ಬೀಗ ಹಾಕಿ.

ಕುಡಿತಕ್ಕೂ ದುಃಖಕ್ಕೂ ಚಿಕಿತ್ಸೆ ಬೇಕು. ಮಾವನವರು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಸದಸ್ಯರಾಗಿದ್ದರೆ ಮಡಿಕೇರಿಯ ಪಾಲಿಕ್ಲಿನಿಕ್‌ನಿಂದ ಶುರುಮಾಡಿ. ತುರ್ತು ಬಿದ್ದರೆ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೂ ಸೇರಿಸಬಹುದು, 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿದರಾಯಿತು.

ಪ್ರಶ್ನೆ: ನಾನು ತುರ್ತು ವಿಭಾಗದ ನರ್ಸ್. ಮಾಜಿ ಸೈನಿಕರೊಬ್ಬರನ್ನು ರಾತ್ರಿ ಕರೆತಂದಿದ್ದರು. ಹೊಟ್ಟೆ ತೊಳೆದು ಜೀವ ಉಳಿಸಿದೆವು. ಬೆಳಗ್ಗೆ ನೋಡಿದರೆ ಅಂಗಿಯ ಗುಂಡಿ ಕತ್ತಿನವರೆಗೂ ಹಾಕಿ, ಮಂಚದ ಮೇಲೆ ನೆಟ್ಟಗೆ ಕೂತು ‘ಸಬ್ ಠೀಕ್ ಹೈ ಸಿಸ್ಟರ್’ ಎಂದರು. ಮನೆಯವರು ‘ತಪ್ಪಿ ಕುಡಿದರು ಅಂತ ಬರೆಯಿರಿ, ಪೊಲೀಸ್ ಬೇಡ’ ಎಂದು ಕೈಮುಗಿದರು. ಇಂಥವರನ್ನು ಮನೆಗೆ ಕಳಿಸುವ ಮುನ್ನ ನಾವೇನು ಮಾಡಬೇಕು?

ಉತ್ತರ: ಮೊದಲು ಮನೆಯವರ ಭಯ ಬಿಡಿಸಿ. ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಆಸ್ಪತ್ರೆಯ ದಾಖಲೆ, ಅದೇ ಶಿಕ್ಷೆಯಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಜೀವ ತೆಗೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ ಇಲ್ಲ. ಸುಳ್ಳು ಬರೆದರೆ ಮನೋವೈದ್ಯರವರೆಗೆ ಹೋಗುವ ದಾರಿಯೇ ಮುಚ್ಚುತ್ತದೆ.

‘ಸಬ್ ಠೀಕ್’ ವರದಿ ಒಪ್ಪಿಸಿ ಅಭ್ಯಾಸವಾದವರ ಮಾತು. ಅದನ್ನು ಉತ್ತರವೆಂದು ತಿಳಿಯಬೇಡಿ. ಪರದೆ ಎಳೆದು, ನೆಂಟರನ್ನು ಹೊರಗೆ ಕಳಿಸಿ, ಕುರ್ಚಿ ಹಾಕಿಕೊಂಡು ಕೂರಿ. ಒಪಿಡಿ ಚೀಟಿಯ ಹಿಂಬದಿಯಲ್ಲೇ ಅವರ ಕೈಯಿಂದ ಆರು ಸಂಗತಿ ಬರೆಸಿ: ಕೆಟ್ಟ ಗಳಿಗೆ ಬರುವಾಗ ಏನು ಸೂಚನೆ, ಆಗ ತಾನೇ ಏನು ಮಾಡಬಲ್ಲೆ, ಎಲ್ಲಿಗೆ ಹೋದರೆ ಮನಸ್ಸು ಬೇರೆಡೆ ತಿರುಗುತ್ತದೆ, ಮನೆಯಲ್ಲಿ ಯಾರಿಗೆ ಹೇಳಬಲ್ಲೆ, ಯಾವ ಡಾಕ್ಟರ ನಂಬರು, ಮನೆಯಿಂದ ಏನನ್ನು ದೂರ ಇಡಬೇಕು. ‘ನಾಯಿ ಕರ್ಕೊಂಡು ತೋಟ ಸುತ್ತುತ್ತೇನೆ’ ಎಂದರೆ ಅದನ್ನೇ ಬರೆಯಲಿ. ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಇಂಥ ಚೀಟಿ ಬರೆಸಿ, ಆಮೇಲೆ ಫೋನ್ ಮಾಡುತ್ತಾ ಬಂದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆರು ತಿಂಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ಘಟನೆಗಳು ಉಳಿದ ಕಡೆಗಿಂತ ಸುಮಾರು ಅರ್ಧದಷ್ಟು ಕಡಿಮೆಯಿದ್ದವು.

ಇದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ಕಡೆ, ಆತ್ಮಹತ್ಯೆಗೆ ಯತ್ನಿಸಿ ತುರ್ತು ವಿಭಾಗಕ್ಕೆ ಬಂದ 1,867 ಮಂದಿಯ ಮೇಲೆ ಪ್ರಯೋಗ ನಡೆಸಿತು. ಕೆಲವರಿಗೆ ಮಾಮೂಲಿ ಚಿಕಿತ್ಸೆ. ಉಳಿದವರ ಜೊತೆ ಒಂದು ಗಂಟೆ ಮಾತು, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ. ಮೊದಲ ಗುಂಪಿನಲ್ಲಿ ಶೇ 2.2ರಷ್ಟು ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು, ಎರಡನೆಯದರಲ್ಲಿ ಶೇ 0.2ರಷ್ಟು.

ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಯ ಹೆಸರಿನ ಕೆಳಗೆ ಇನ್ನೊಂದು ಸಾಲು ಸೇರಿಸಿ: ಮುಂದಿನ ಫೋನು ಯಾವ ದಿನ, ಮಾಡುವವರು ಯಾರು. ಆ ದಿನ ಮರೆಯದೆ ಫೋನು ಮಾಡಿ.