ಟೈರಿನ ವಯಸ್ಸು, ಗ್ರಾಹಕನ ಹಕ್ಕು

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಎಂಬ ನಾಲ್ಕೂ ಊರುಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿಕೊಂಡು ಮುಳಬಾಗಿಲಿನತ್ತ ಸಾಗುವ 69ನೆಯ ರಾಷ್ಟ್ರೀಯ ಹೆದ್ದಾರಿಯು ಚಿಕ್ಕಬಳ್ಳಾಪುರದ ಬಳಿ ಬೆಂಗಳೂರು–ಹೈದರಾಬಾದ್ ನಡುವಣ 44ನೆಯ ಹೆದ್ದಾರಿಯನ್ನು ಸಂಧಿಸುತ್ತದೆ. ಈ ಊರುಗಳಲ್ಲಿ ಕಾರಿಟ್ಟುಕೊಂಡಿರುವ ಗೃಹಸ್ಥರಲ್ಲಿ ಅನೇಕರು, ರೇಷ್ಮೆಗೂಡಿನ ವ್ಯಾಪಾರಿಯಾಗಲಿ ಶಾಲೆಯ ಉಪಾಧ್ಯಾಯರಾಗಲಿ ದ್ರಾಕ್ಷಿ ತೋಟದ ಒಡೆಯರಾಗಲಿ, ನಿತ್ಯದ ಓಡಾಟವನ್ನು ದ್ವಿಚಕ್ರ ವಾಹನದಲ್ಲಿಯೇ ಮುಗಿಸಿ, ಮದುವೆಗೋ ಆಸ್ಪತ್ರೆಗೋ ಬೆಂಗಳೂರಿಗೆ ಹೋಗಬೇಕಾದಾಗ ಮಾತ್ರ ಕಾರನ್ನು ಹೊರತೆಗೆಯುವವರು. ಇಂಥ ಕಾರಿನ ಟೈರುಗಳು ಸವೆಯುವುದಕ್ಕೆ ಮೊದಲೇ ಮುಪ್ಪಾಗುತ್ತವೆ. ಗ್ರಿಪ್ಪು ಹೊಸದರಂತೆಯೇ ಇರುವುದನ್ನು ಕಂಡು ಒಡೆಯನು ನಿಶ್ಚಿಂತನಾಗಿರುತ್ತಾನೆ.

ಓಡುವ ಟೈರು ನೆಲವನ್ನು ಒತ್ತಿ ಬಳುಕುವಾಗ, ತಯಾರಕರು ರಬ್ಬರಿನೊಳಗೆ ಬೆರೆಸಿದ ರಕ್ಷಕ ದ್ರವ್ಯಗಳು ಕ್ರಮೇಣ ಮೇಲ್ಮೈಗೆ ಬಂದು ಗಾಳಿಯ ಓಜೋನಿನಿಂದ ಅದನ್ನು ಕಾಯುತ್ತವೆ. ಮನೆಯ ಮುಂದೆ ಬಿಸಿಲಿನಲ್ಲಿ ತಿಂಗಳುಗಟ್ಟಲೆ ನಿಂತ ಟೈರಿಗೆ ಆ ರಕ್ಷಣೆ ಸಾಲದೆ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಒಳಗಿನ ಉಕ್ಕಿನ ತಂತಿಪಟ್ಟಿಗೂ ರಬ್ಬರಿಗೂ ಇರುವ ಬಂಧವು ಆಮ್ಲಜನಕದ ಕ್ರಿಯೆಯಿಂದ ಸಡಿಲಗೊಳ್ಳುವುದಂತೂ ಹೊರಗಣ್ಣಿಗೆ ಕಾಣದು. ಗಾಳಿಯ ಒತ್ತಡ ಕಡಿಮೆಯಿರುವಾಗ, ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ, ಮನೆಮಂದಿಯನ್ನೆಲ್ಲ ಹೊತ್ತು 44ನೆಯ ಹೆದ್ದಾರಿಯಲ್ಲಿ ವೇಗವಾಗಿ ಸಾಗುವ ಕಾರಿನ ಟೈರು ಅತಿಯಾಗಿ ಬಳುಕಿ ಕಾದಾಗ ಆ ಶೈಥಿಲ್ಯ ಹಠಾತ್ತನೆ ಪ್ರಕಟವಾಗುತ್ತದೆ.

ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೆಯ ನಿಯಮದಂತೆ ಕಾರಿನ ಟೈರಿನ ಗ್ರಿಪ್ಪಿನ ಆಳ 1.6 ಮಿಲಿಮೀಟರಿಗೂ, ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಲ್ಲಿ 0.8 ಮಿಲಿಮೀಟರಿಗೂ ಕಡಿಮೆಯಾಗಕೂಡದು; ಒಳಗಿನ ನೂಲು ಹೊರಗೆ ಕಾಣಕೂಡದು; ಒಂದೆಡೆ ಉಬ್ಬು ಅಥವಾ ವಿರೂಪ ತೋರಿದರೆ ಅದು ಸುಸ್ಥಿತಿಯ ಟೈರಲ್ಲ. ಗ್ರಿಪ್ಪಿನ ಕಾಲುವೆಗಳ ತಳದಲ್ಲಿ ಅಡ್ಡಲಾಗಿ ಎದ್ದಿರುವ ಸಣ್ಣ ದಿಣ್ಣೆಗಳ ಮಟ್ಟಕ್ಕೆ ಮೇಲ್ಮೈ ಸವೆದು ಬಂದಾಗ ಟೈರಿನ ಆಯುಷ್ಯ ಮುಗಿಯಿತೆಂದು ತಿಳಿಯತಕ್ಕದ್ದು. ಆದರೆ ಖಾಸಗಿ ಕಾರಿನ ಟೈರನ್ನು ಇಷ್ಟು ವರ್ಷಕ್ಕೆ ಬದಲಾಯಿಸಬೇಕೆಂದು ಈ ನಿಯಮ ವಿಧಿಸಿಲ್ಲ. ಆಳವನ್ನು ಅಳೆದು ವಯಸ್ಸನ್ನು ಕೇಳದಿರುವ ಈ ನಿಯಮ ನಮ್ಮ ಕಡೆಯ ನಿಂತ ಕಾರುಗಳ ಮಟ್ಟಿಗೆ ಅಪೂರ್ಣವೆಂದೇ ನನ್ನ ಅಭಿಪ್ರಾಯ. ಐದು ವರ್ಷ ಕಳೆದ ಮೇಲೆ ಪ್ರತಿವರ್ಷವೂ ತಜ್ಞರಿಂದ ಪರೀಕ್ಷೆ ಮಾಡಿಸಬೇಕು, ಹತ್ತು ವರ್ಷವಾದ ಮೇಲೆ ಗ್ರಿಪ್ಪು ಎಷ್ಟೇ ಇದ್ದರೂ ತೆಗೆದುಹಾಕಬೇಕು ಎಂಬುದು ಪ್ರಮುಖ ಟೈರು ತಯಾರಕರ ಸಲಹೆ. ಕಾರು ತಯಾರಕರಲ್ಲಿ ಹಲವರು ಆರು ವರ್ಷವನ್ನೇ ಮಿತಿಯಾಗಿ ಹೇಳುತ್ತಾರೆ. ಬಿಸಿಲಿನಲ್ಲಿ ನಿಂತು ಅಪರೂಪಕ್ಕೊಮ್ಮೆ ಹೆದ್ದಾರಿಗಿಳಿಯುವ ಕಾರಿಗೆ ಆರು ವರ್ಷವೇ ಯುಕ್ತವೆಂದು ನಾನು ಭಾವಿಸುತ್ತೇನೆ.

ವಯಸ್ಸನ್ನು ತಿಳಿಯುವುದು ಕಷ್ಟವಲ್ಲ. ಟೈರಿನ ಪಕ್ಕೆಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಟಾರ್ಚಿನ ಬೆಳಕನ್ನು ಓರೆಯಾಗಿ ಹಿಡಿದರೆ, ಡಿ.ಒ.ಟಿ. ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುವ ಒಂದು ಸಾಲೂ, ಅದರ ಕೊನೆಯಲ್ಲಿ ನಾಲ್ಕು ಅಂಕಿಗಳೂ ಕಾಣುತ್ತವೆ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ: 3121 ಎಂದಿದ್ದರೆ 2021ರ 31ನೆಯ ವಾರ, ಅಂದರೆ ಆಗಸ್ಟ್ ತಿಂಗಳ ಆರಂಭ. ಕೆಲವು ಟೈರುಗಳಲ್ಲಿ ಈ ನಾಲ್ಕು ಅಂಕಿಗಳು ಒಂದೇ ಪಕ್ಕೆಯಲ್ಲಿದ್ದು, ಆ ಪಕ್ಕೆ ಕಾರಿನ ಒಳಮುಖವಾಗಿ ಕುಳಿತಿರುವುದುಂಟು. ಆಗ ಚಕ್ರವನ್ನು ಕಳಚಿಸಿಯಾದರೂ ನೋಡಬೇಕು. ಅಂಕಿ ಮೂರೇ ಇದ್ದರೆ ಆ ಟೈರು 2000ಕ್ಕೆ ಹಿಂದಿನದು. ಹಳೆಯ ಕಾರನ್ನು ಕೊಳ್ಳುವವರು ಡಿಕ್ಕಿಯೊಳಗಿನ ಸ್ಟೆಪ್ನಿಯ ಅಂಕಿಗಳನ್ನೂ ಓದತಕ್ಕದ್ದು. ಎಂದೂ ನೆಲ ಕಾಣದ ಆ ಟೈರು ಹಲವು ಬಾರಿ ಕಾರಿನಷ್ಟೇ ಹಳೆಯದಾಗಿರುತ್ತದೆ.

ಅಂಗಡಿಯಲ್ಲಿ ಹಣ ಕೊಡುವುದಕ್ಕೆ ಮುಂಚೆ ಈ ಅಂಕಿಗಳನ್ನು ನೋಡುವುದು ಗ್ರಾಹಕನ ಹಕ್ಕು. ಭಾರತೀಯ ಮಾನಕ ಸಂಸ್ಥೆಯ ಐ.ಎಸ್.ಐ. ಗುರುತನ್ನು 2009ರ ಗುಣಮಟ್ಟ ನಿಯಂತ್ರಣ ಆದೇಶವು ವಾಹನಗಳ ಟೈರುಗಳಿಗೆ ಕಡ್ಡಾಯಗೊಳಿಸಿರುವುದರಿಂದ ಅದನ್ನೂ ನೋಡಬೇಕು. ಹಳೆಯ ದಾಸ್ತಾನನ್ನು ಹಳೆಯದೆಂದು ತಿಳಿಸಿ ಮಾರಿದರೆ ಅದು ತಾನಾಗಿಯೇ ಅಪರಾಧವಾಗದು. ಆದರೆ ಹಳೆಯ ಅಥವಾ ನವೀಕರಿಸಿದ ಸರಕನ್ನು ಹೊಸದೆಂದು ಸುಳ್ಳಾಗಿ ಬಿಂಬಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 2(47)ನೆಯ ಕಲಮಿನಂತೆ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ ಕಲಮಿನಡಿ ಬರುತ್ತದೆ. ಬಿಲ್ಲಿನಲ್ಲಿ ಬೇರೆ ಅವಧಿಯನ್ನು ನಮೂದಿಸದಿದ್ದರೆ, ದೋಷಯುಕ್ತ ಸರಕನ್ನು 30 ದಿನಗಳೊಳಗೆ ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದೂ ಅನುಚಿತವೇ. ಈ ಹಕ್ಕುಗಳೆಲ್ಲ ಫಲಿಸುವುದು ಬಿಲ್ಲಿನ ಮೇಲೆ ನಿಂತಿದೆ. ಟೈರಿನ ಹೆಸರು ಮತ್ತು ಅಳತೆಗಳ ಜೊತೆಗೆ ಆ ನಾಲ್ಕು ಅಂಕಿಗಳನ್ನೂ ಬಿಲ್ಲಿನ ಮೇಲೆ ಬರೆಸಿಕೊಂಡ ಗ್ರಾಹಕನಿಗೆ ಮುಂದೆ ಸಾಕ್ಷಿಯನ್ನು ಹುಡುಕುವ ಕಷ್ಟ ಬಾರದು. ಬರೆಯಲು ಒಪ್ಪದ ಅಂಗಡಿಯಲ್ಲಿ ಕೊಳ್ಳದಿರುವುದೇ ಲೇಸು.

ತಕರಾರು ಹುಟ್ಟಿದಾಗ ಮೊದಲು ಮಾರಾಟಗಾರನಿಗೂ ತಯಾರಕನಿಗೂ ಲಿಖಿತವಾಗಿ ತಿಳಿಸಿ, ಕಂಪನಿಯ ಪರೀಕ್ಷಕನು ಟೈರನ್ನು ನೋಡಿ ಕೊಡುವ ಅಭಿಪ್ರಾಯವನ್ನು ಬರವಣಿಗೆಯಲ್ಲಿಯೇ ಕೇಳಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಟೈರನ್ನು ಬೆಂಗಳೂರಿನಲ್ಲಿ ಕೊಂಡ ಚಿಂತಾಮಣಿಯ ನಿವಾಸಿ ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ; ದೂರುದಾರನು ವಾಸಿಸುವ ಅಥವಾ ದುಡಿಯುವ ಸ್ಥಳದ ವ್ಯಾಪ್ತಿಯ ಆಯೋಗದಲ್ಲಿಯೇ ದೂರು ಹೂಡಲು ಹೊಸ ಕಾಯಿದೆ ಅವಕಾಶ ಕೊಟ್ಟಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವ್ಯಾಜ್ಯಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ವಕೀಲರಿಲ್ಲದೆ ತಾವೇ ವಾದಿಸಬಹುದು. ತಯಾರಿಕೆಯ ದೋಷವನ್ನು ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ನಿರ್ಣಯಿಸಲಾಗದೆಂದು ಕಂಡರೆ ಆಯೋಗವು ಮಾದರಿಯನ್ನು ಮೊಹರು ಮಾಡಿ ಕಳುಹಿಸುತ್ತದೆ. ಆದಕಾರಣ ಒಡೆದ ಟೈರನ್ನು ಹೊಸದರ ಬೆಲೆಯಲ್ಲಿ ಮುರಿದುಕೊಂಡು ಅಂಗಡಿಗೇ ಬಿಟ್ಟುಬರುವ ರೂಢಿಯನ್ನು ವ್ಯಾಜ್ಯ ಮುಗಿಯುವ ತನಕ ಕೈಬಿಡಬೇಕು. ಸಾಕ್ಷ್ಯವೇ ಕೈಬಿಟ್ಟುಹೋದ ಮೇಲೆ ಬಿಲ್ಲೊಂದರಿಂದ ದೋಷ ಸಿದ್ಧವಾಗದು.

ಹಕ್ಕಿನೊಡನೆ ಹೊಣೆಯೂ ಇದೆ. ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಬಹುದಾಗಿದ್ದ ಅಪಾಯಕಾರಿ ದೋಷವುಳ್ಳ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಿದವನಿಗೂ ಓಡಿಸಗೊಟ್ಟವನಿಗೂ ಮೋಟಾರು ವಾಹನ ಕಾಯಿದೆಯ 190ನೆಯ ಕಲಮು 1,500 ರೂಪಾಯಿ ದಂಡವನ್ನೂ, ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಅಥವಾ ಆಸ್ತಿ ಹಾಳಾದರೆ ಮೂರು ತಿಂಗಳವರೆಗಿನ ಕಾರಾವಾಸವನ್ನೋ 5,000 ರೂಪಾಯಿ ದಂಡವನ್ನೋ ಎರಡನ್ನೂ ಒಟ್ಟಾಗಿಯೋ ವಿಧಿಸುತ್ತದೆ. ಬೋಳು ಟೈರು ಇಂಥ ದೋಷವಲ್ಲವೆಂದು ವಾದಿಸುವುದು ಕಷ್ಟ. ಟೈರು ಸಿಡಿದದ್ದು ದೈವಾಧೀನವೆಂಬ ವಾದವೂ ನಿಲ್ಲುವಂಥದ್ದಲ್ಲ: 2010ರಲ್ಲಿ ಪುಣೆಯಿಂದ ಮುಂಬಯಿಗೆ ಹೋಗುವಾಗ ನಡೆದ ಅಪಘಾತವೊಂದರ ಪ್ರಕರಣದಲ್ಲಿ, ಅದು ದೈವಕೃತ್ಯವಲ್ಲ, ಮಾನವ ನಿರ್ಲಕ್ಷ್ಯವೆಂದು ಬಾಂಬೆ ಉಚ್ಚ ನ್ಯಾಯಾಲಯವು 2023ರಲ್ಲಿ ತೀರ್ಮಾನಿಸಿ ವಿಮಾ ಕಂಪನಿಯ ಮೇಲ್ಮನವಿಯನ್ನು ತಳ್ಳಿಹಾಕಿತು. ಸ್ವಂತ ಕಾರಿನ ಹಾನಿಯ ಮಾತು ಬೇರೆ. ಸಾಮಾನ್ಯ ವಿಮಾಪತ್ರದಲ್ಲಿ ಸವಕಳಿಗೆ ಪರಿಹಾರವಿಲ್ಲ, ಕಾರಿಗೂ ಜೊತೆಯಲ್ಲಿ ಪೆಟ್ಟಾಗದ ಹೊರತು ಟೈರಿಗೂ ಇಲ್ಲ; ಪೆಟ್ಟಾದರೂ ಹೊಸ ಟೈರಿನ ಬೆಲೆಯ ಅರ್ಧಕ್ಕೆ ಮಿತಿ. ಕ್ಲೇಮನ್ನು ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆದು, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರಬಹುದು.

ವ್ಯಾಜ್ಯಕ್ಕೆ ನೆರವು ಬೇಕಾದ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ನಿಯತ ಮಿತಿಯೊಳಗಿನ ಆದಾಯವುಳ್ಳವರು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳಿ ಪಡೆಯಬಹುದು. ತಮ್ಮ ಊರಿನ ನ್ಯಾಯಾಲಯದಲ್ಲಿ ವಿಚಾರಿಸಬೇಕು, ಇಲ್ಲವೇ 15100 ಸಂಖ್ಯೆಗೆ ಕರೆಮಾಡಬೇಕು.